ಹೂವಿನೊಡನೆ ನಾರು

 

ಜಾತ್ರೆಗೆ ಬಂದ ಹತ್ತು ಮಂದಿ ಒಂದೆಡೆ ಕುಳಿತು ಬುತ್ತಿ ಬಿಚ್ಚಿದರೆಂದರೆ, ರೊಟ್ಟಿ ಮುಗಿಯುವದರೊಳಗಾಗಿ ಒಂದು ಬಗೆಯ ಮಾತು ಹೊರಡದೆ ಇರದು. ಇಂಥ ಪಂಡಿತರು ತನ್ನ ತಂದೆಯ ಕಾಲದಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿದಿದ್ದರೆಂದು ಒಬ್ಬನು ಹೇಳುವನು. ಇಂಥ ಗವಾಯಿಗಳ ತಂಬೂರಿಯನ್ನು ಊರತನಕ ಹೊತ್ತು ತಂದವನು ತನ್ನ ಸೋದರಮಾವನೇ ಎಂದು ಮತ್ತೊಬ್ಬನು ಹೇಳುವನು. ಮೂರನೆಯವನಿಗೆ ಹೇಳಲು ಏನೂ ದೊರೆಯದಿದ್ದರೆ, ಇಂಥ ಮಂತ್ರಿಗಳ ಬೀಗರ ಊರು ತನ್ನ ಊರಿಗೆ ಎರಡೇ ಹರದಾರಿ ಎಂದಾದರೂ ಸೇರಿಸುವನು. ಕೇಳಿದವರು ನಗುವರು, ನಕ್ಕವರೂ ತಮ್ಮ ಸರದಿ ಬಂದಾಗ ಸುಮ್ಮನಿರುವದಿಲ್ಲ.

ಇಂಥ ಮಾತಿಗೆ ಜಾಣರು ಕೊಡುವ ಉತ್ತರ ಒಂದೇ: ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತು! ಗಾದೆ ಹಳೆಯದು, ಸೊಗಸಾದುದು. ಆದರೆ ನಾರಿಗೆ ಅದರಿಂದ ದೊರೆತ ನ್ಯಾಯ ಅಷ್ಟಕ್ಕಷ್ಟೇ. ನಾರು ಹೂವಿನ ಬುಟ್ಟಿಯ ತಳದಲ್ಲಿ ಅಡಗಿಕೊಂಡು ಗುಡಿಯನ್ನು ಹೊಕ್ಕುದಲ್ಲ. ಬಿಡಿ ಹೂವುಗಳನ್ನು ಮಾಲೆಯಾಗಿ ಹಿಡಿದು ನಿಲ್ಲಿಸಿದ್ದು ಅದೇ. ಆದುದರಿಂದ ದೊಡ್ಡವರ ಹತ್ತಿರ ಸುಳಿದ ಸಣ್ಣವರ ವಿಷಯದಲ್ಲಿ ನಗುವದಕ್ಕಿಂತ ಮೊದಲು, ಹಾಗೆ ಸುಳಿದಾಗ ಅವರು ಮಾಡಿದ್ದೇನು ಎಂಬುದನ್ನು ಕೇಳಬೇಕು. ಅದಕ್ಕೆ ಸಾಕ್ಷಿ ಹೇಳುವ ಕಲ್ಲುಗಳು ಕೊಪ್ಪಳದ ಗುಡ್ಡಗಳಲ್ಲಿಯೇ ಇರುವವು.

ಊರಿನ ಹೆಸರಿಗೇನೋ ಈ ಸೀಮೆಯಲ್ಲಿ ಬಡತನವಿಲ್ಲ. ಗಂಗಾವತಿಯ ಕಡೆ ಆನೆಗೊಂದಿಯ ಆಸುಪಾಸಿನಲ್ಲಿ ಕುರಿ ಕಾಯುವ ಹುಡುಗನೂ ವಾಲಿ ಸುಗ್ರೀವರ ಕಲಹವನ್ನು, ತನ್ನೂರಿನ ಅಣ್ಣತಮ್ಮಂದಿರ ಹೊಲದ ವ್ಯಾಜ್ಯವೋ ಎಂಬಂತೆ, ಗುಡ್ಡಗಳನ್ನು ತೋರಿಸಿ ತೋರಿಸಿ ಹೇಳುವನು. ಯಲಬುರ್ಗಿಯು ಎರಂಬರಗೆಯೆನ್ನಿಸಿಕೊಂಡು ಸಿಂದ ಅರಸರಿಗೆ ರಾಜಧಾನಿಯಾಗಿದ್ದಿತು; ಅದರ ಸೀಮೆಯ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವನು ಕಟ್ಟಿಸಿದ ಗುಡಿಯನ್ನು ದೇವಾಲಯಗಳ ಚಕ್ರವರ್ತಿಯೆಂದು ಅಲ್ಲಿಯ ಶಾಸನವೇ ಕೊಂಡಾಡಿರುವದು. ಕುಷ್ಟಗಿಯ ಪಾಡು ಮಾತ್ರ ಸ್ವಲ್ಪ ವಿಚಿತ್ರ: ಅದರ ನೆಲದಲ್ಲಿ ತೆಗೆದ ಕೆಂಗಲ್ಲು ನೆರೆಯೂರಾದ ಇಲಕಲ್ಲಿನ ಹೆಸರು ಹೊತ್ತು ಪೇಟೆಯನ್ನು ಸೇರುವದು. ಕೊಪ್ಪಳವಂತೂ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಕೊಪಣನಗರವೆಂಬ ಹೆಸರಿನಿಂದ, ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ, ತಿರುಳ್ಗನ್ನಡದ ಸೀಮೆಯ ಗುರುತಾಗಿ ನಿಂತಿರುವದು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು 993ರಲ್ಲಿ ಅಜಿತಪುರಾಣವನ್ನು ಬರೆದಾಗ ಅತ್ತಿಮಬ್ಬೆಯ ಶೀಲದ ಶುಚಿತ್ವಕ್ಕೆ ಹೇಳಿದ ಹೋಲಿಕೆಗಳಲ್ಲಿ ಕೊಪಣದ ಬೆಟ್ಟವೂ ಒಂದು. ಇನ್ನು ಕೋಟೆಯ ಮಾತು: 1790ರಲ್ಲಿ ಇಂಗ್ಲಿಷರೂ ನಿಜಾಮರೂ ಟೀಪುವಿನ ಕೈಯಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿದಾಗ ದಂಡಿನಲ್ಲಿದ್ದ ತರುಣ ಜಾನ್ ಮಾಲ್ಕಮ್, ಮುಂದೆ ಮುಂಬಯಿಯ ಗವರ್ನರನಾದವನು, ಹಿಂದುಸ್ಥಾನದಲ್ಲಿ ತಾನು ಕಂಡ ಸ್ಥಳಗಳಲ್ಲೆಲ್ಲ ಇದೇ ಬಲವಾದುದೆಂದು ಬರೆದಿಟ್ಟನು.

ಆದರೆ ಇವು ಊರುಗಳ ಕೀರ್ತಿ, ಜನರದಲ್ಲ. ತಿರುಳ್ಗನ್ನಡವೆಂದರೆ ಯಾರ ಕನ್ನಡ? ಹೊಲದಲ್ಲಿ, ಸಂತೆಯಲ್ಲಿ, ಬೀಸುಕಲ್ಲಿನ ಮುಂದೆ ಅದನ್ನು ಆಡುತ್ತ ಬಂದವರದಲ್ಲವೇ? ಅವರ ನುಡಿ ಗ್ರಂಥದಲ್ಲಿ ಸೇರಿತು, ಹೆಸರು ಸೇರಲಿಲ್ಲ. ಸಣ್ಣವರ ಪಾಲಿಗೆ ಇಷ್ಟೇ ಇರುವದೋ ಎಂದು ಚಿಂತಿಸುವವರು ಒಮ್ಮೆ ಗವಿಮಠದ ಗುಡ್ಡದ ಬಂಡೆಯ ಬಳಿಗೆ ಹೋಗಬೇಕು.

ಆ ಬಂಡೆಯ ಮೈಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಬರಹವಿರುವದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಆಡಿಸಿದವನು ಮೌರ್ಯ ಚಕ್ರವರ್ತಿ ಅಶೋಕ. ಇಷ್ಟು ದೊಡ್ಡ ಅರಸನು ಇಷ್ಟು ದೂರದ ಗುಡ್ಡದಲ್ಲಿ ಬರೆಯಿಸಿದನೆಂದ ಮೇಲೆ ತನ್ನ ದಿಗ್ವಿಜಯವನ್ನೋ ವಂಶದ ಹಿರಿಮೆಯನ್ನೋ ಹೇಳಿರಬೇಕೆಂದು ಯಾರೂ ಎಣಿಸಬಹುದು. ಬಂಡೆಯ ಮೇಲಿರುವದೇ ಬೇರೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತೆಂದೂ, ಮೊದಲ ಒಂದು ವರ್ಷ ತನ್ನಿಂದ ಹೆಚ್ಚಿನ ಪ್ರಯತ್ನವಾಗಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಬಳಿಕವೇ ಚೆನ್ನಾಗಿ ಪ್ರಯತ್ನಿಸಿದೆನೆಂದೂ ಚಕ್ರವರ್ತಿಯು ಹೇಳಿಕೊಳ್ಳುತ್ತಾನೆ. ತನ್ನ ಆಲಸ್ಯವನ್ನು ಕಲ್ಲಿನಲ್ಲಿ ಕೊರೆಯಿಸಿದ ಅರಸರು ಎಷ್ಟು ಮಂದಿ ಸಿಕ್ಕಾರು? ಮುಂದಿನ ಮಾತು ಅದಕ್ಕಿಂತಲೂ ಲಕ್ಷ್ಯಕ್ಕೆ ತರತಕ್ಕದ್ದು. ಈ ಫಲವು ದೊಡ್ಡವರಿಗೇ ಮೀಸಲಾದುದಲ್ಲ, ಕ್ಷುದ್ರನಾದವನೂ ಪ್ರಯತ್ನದಿಂದ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನು, ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ, ಗಡಿಯಾಚೆಯವರೂ ಇದನ್ನು ತಿಳಿಯಲಿ, ಈ ಪ್ರಯತ್ನವು ಬಹುಕಾಲ ನಿಲ್ಲಲಿ, ಎಂಬುದು ಅದರ ಭಾವ. ಭರತಖಂಡದ ಅತ್ಯಂತ ಪ್ರಸಿದ್ಧನಾದ ಅರಸನು ಈ ಗುಡ್ಡಕ್ಕೆ ಕಳುಹಿದ ಸಂದೇಶವು ಹೆಸರಿಲ್ಲದವರನ್ನೇ ಕುರಿತದ್ದು!

ಬಹುಕಾಲ ನಿಲ್ಲಲಿ ಎಂದ ಬರಹವು ನಿಂತಿತು; ಓದುವವರು ಮಾತ್ರ ಇಲ್ಲವಾದರು. ಲಿಪಿ ಮರೆತುಹೋಯಿತು. ಕಲಕತ್ತೆಯ ಟಂಕಸಾಲೆಯಲ್ಲಿ ಉದ್ಯೋಗದಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ಪನು 1837ರಲ್ಲಿ ಬ್ರಾಹ್ಮಿಯ ಗುಟ್ಟನ್ನು ಬಿಡಿಸುವತನಕ ಅದನ್ನು ಓದಬಲ್ಲವರೇ ಇರಲಿಲ್ಲ. ಶಾಸನಗಳಲ್ಲಿ ದೇವಾನಾಂಪ್ರಿಯನೆಂದು ಕರೆದುಕೊಂಡ ಅರಸನು ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷ್ಯ ದೊರೆತುದಂತೂ 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅಲ್ಲಿ ಅದನ್ನು ಕಂಡವನು ಪಂಡಿತನಲ್ಲ. ನಿಜಾಮ ಸಂಸ್ಥಾನದ ಚಿನ್ನದ ಗಣಿಗಳ ಇಂಜಿನಿಯರನಾದ ಬೀಡನ್ ಎಂಬವನು. ಚಿನ್ನ ಹುಡುಕುವವನಿಗೆ ಅಕ್ಷರ ಸಿಕ್ಕಿತು. ಮುಂದೆ 1931ರಲ್ಲಿ ಕೊಪ್ಪಳದವರೇ ಆದ ಎನ್. ಬಿ. ಶಾಸ್ತ್ರಿಗಳು ಗವಿಮಠದ ಬರಹವನ್ನೂ, ಪಾಲ್ಕಿಗುಂಡಿನ ಬರಹವನ್ನೂ ಗುರುತಿಸಿದರು. ಮರುವರ್ಷವೇ, ಅಂದರೆ 1932ರಲ್ಲಿ, ಲಂಡನ್ನಿನ ವಿದ್ವಾಂಸರಾದ ಟರ್ನರ್ ಅವರು ಸಂಪಾದಿಸಿದ ಪಾಠವು ಹೈದರಾಬಾದಿನ ಪ್ರಾಚ್ಯಶೋಧ ಇಲಾಖೆಯಿಂದ ಹೊರಬಿದ್ದಿತು.

ಇಲ್ಲಿ ಒಂದು ಸೊಗಸುಂಟು. ಗವಿಯ ಮಠವನ್ನು ಗವಿಮಠವೆಂದವರೂ, ಪಲ್ಲಕ್ಕಿಯಂತೆ ತೋರಿದ ಗುಂಡನ್ನು ಪಾಲ್ಕಿಗುಂಡೆಂದವರೂ ಭಕ್ತರು, ದನಗಾಹಿಗಳು, ಕಟ್ಟಿಗೆಯ ಹೊರೆಯವರು. ಜಗತ್ತಿನ ಯಾವ ಮೂಲೆಯ ವಿದ್ವಾಂಸನೇ ಆಗಲಿ, ಚಕ್ರವರ್ತಿಯ ಈ ಎರಡು ಶಾಸನಗಳನ್ನು ಹೆಸರಿಸಬೇಕಾದರೆ ಅವರಿಟ್ಟ ಹೆಸರನ್ನೇ ಉಚ್ಚರಿಸಬೇಕು.

ಗವಿಮಠದ ಬಂಡೆಯಲ್ಲಿ ಬರೆದವನ ಹೆಸರಿಲ್ಲ. ಆದರೆ ಇದೇ ಸಂದೇಶವಿರುವ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಶಾಸನಗಳಲ್ಲಿ, ಅಂದರೆ 1892ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದವುಗಳಲ್ಲಿ, ಕೊನೆಗೆ ಚಪಡನೆಂಬ ಲಿಪಿಕಾರನ ಹೆಸರಿರುವದು. ಅವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನಿಂದ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದನು. ಅದು ಗಾಂಧಾರದ ಕಡೆಯ ಲಿಪಿ; ಬಲಗಡೆಯಿಂದ ಎಡಗಡೆಗೆ ಹೋಗತಕ್ಕದ್ದು. ಬ್ರಹ್ಮಗಿರಿಯ ಸುತ್ತ ಅದನ್ನು ಓದುವವರು ಯಾರಿದ್ದರು? ಯಾರೂ ಇರಲಾರರು. ದೂರದ ನಾಡಿನಲ್ಲಿ ದೊರೆಯ ಕೆಲಸ ಮುಗಿದ ಬಳಿಕ, ತಾನು ಕಲಿತ ಅಕ್ಷರಗಳಲ್ಲಿ ತನ್ನ ಕಸುಬಿನ ಹೆಸರನ್ನು ಬರೆಯುವ ಆಸೆ ಅವನಿಗೆ ಹುಟ್ಟಿತೆಂದು ತೋರುವದು. ಗರ್ವವೆಂದು ಯಾರಾದರೂ ಕರೆಯಬಹುದು. ಆದರೆ ಚಪಡನು ಅರಸನ ಮಿತ್ರನೆಂದೋ ಅರಸನನ್ನು ಕಂಡವನೆಂದೋ ಬರೆಯಲಿಲ್ಲ. ಬರೆದವನು ಎಂದಷ್ಟೇ ಹೇಳಿದನು. ಅದು ನಿಜವೂ ಆಗಿತ್ತು.

ದೊಡ್ಡವರ ಸಾಮೀಪ್ಯದಲ್ಲಿ ಇನ್ನೊಂದು ಅಪಾಯವುಂಟು. ಅದನ್ನು ಅರಿತವಳು ಕುಷ್ಟಗಿಗೆ ನೆರೆಯಾದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮ. ಪತಿ ಮಾರಯ್ಯನ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು. ಬಿಜ್ಜಳನ ಭಂಡಾರಿಯ ಅಂಗಳವೆಂದರೆ ಸಾಮಾನ್ಯವೇ? ಅಂದಿನ ಕಾಲಕ್ಕೆ ಅದಕ್ಕಿಂತ ಹೆಸರಾದ ಮನೆ ಇನ್ನೊಂದಿರಲಾರದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನೆಂದೂ, ಲಕ್ಕಮ್ಮನು ಅಳತೆ ಮೀರಿದುದನ್ನು ಕಂಡು, ಅದನ್ನು ಅಲ್ಲಿಯೇ ಸುರಿದು ಬಾ ಎಂದು ಅವನನ್ನು ತಿರುಗಿ ಕಳುಹಿದಳೆಂದೂ ಕಥೆ. ಇತರರಾದರೆ ಅದನ್ನು ಮಹಾಮನೆಯ ಪ್ರಸಾದವೆಂದು ಗಂಟು ಕಟ್ಟಿ ಇಡುತ್ತಿದ್ದರು; ಕೇರಿಗೆಲ್ಲ ತೋರಿಸಿಯೂ ಬರುತ್ತಿದ್ದರು. ಬಸವಣ್ಣನವರ ಅಂಗಳದಿಂದ ಬಂದುದೆಂಬ ಮಾತ್ರದಿಂದ ಹೆಚ್ಚಿನ ಅಕ್ಕಿಗೆ ಆಕೆಯ ಮಡಕೆಯಲ್ಲಿ ಸ್ಥಳ ದೊರೆಯಲಿಲ್ಲ. ಲಕ್ಕಮ್ಮನ ಹೆಸರು ಇಂದಿಗೂ ಉಳಿದಿರುವದು ಆಕೆಯ ಸ್ವಂತ ವಚನಗಳಿಂದ.

ಎಲ್ಲರಿಗೂ ಆ ಭಾಗ್ಯವಿಲ್ಲವೆಂಬುದೂ ನಿಜ. 1858ರಲ್ಲಿ ಮುಂಡರಗಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ಇಂಗ್ಲಿಷರ ಮೇಲೆ ಎದ್ದು ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಕಾದಿ ಮಡಿದರು. ಅವರಿಬ್ಬರನ್ನು ಜನರು ಮರೆಯಲಿಲ್ಲ. ಅವರ ಮಗ್ಗುಲಲ್ಲಿ ನಿಂತು ಮಡಿದವರ ಮನೆತನಗಳೆಲ್ಲಿ, ಹೆಸರುಗಳೆಲ್ಲಿ? ಆ ಕೋಟೆಯನ್ನು ಹತ್ತುವವರು ಅವರಿಗಾಗಿ ಅರೆಗಳಿಗೆ ನಿಂತರೆ ಸಾಕು. ಅದನ್ನು ಬಿಟ್ಟು, ಇಂಥ ಸ್ಥಳಗಳಿಗೆ ಹೋದ ತರುಣರು ಮೊಳೆಯಿಂದಲೋ ಸುಣ್ಣದಿಂದಲೋ ಗೋಡೆಯ ಮೇಲೆ, ಬಂಡೆಯ ಮೇಲೆ ತಮ್ಮ ಹೆಸರುಗಳನ್ನು ಗೀಚಿ ಬರುವದುಂಟು. ದೊಡ್ಡ ಹೆಸರಿನ ಪಕ್ಕದಲ್ಲಿ ತಮ್ಮದೂ ಇರಲೆಂಬ ಹಂಬಲವೇ ಅದು. ಆದರೆ ಹಿಂದಿನವರ ಒಂದು ಅಕ್ಷರ ಕೆಟ್ಟರೆ ಅದನ್ನು ಮರಳಿ ಕೊರೆಯುವವರು ಯಾರೂ ಇಲ್ಲ.

ಕಲ್ಲಿನ ಮೇಲೆ ಹೆಸರು ಬಿಡುವ ರೀತಿ ಬೇರೊಂದು ಇದೆ. ಅದನ್ನು ತೋರಿಸಿದವನು ಚಾವಯ್ಯ. ಪಾಲ್ಕಿಗುಂಡಿನ ಗುಡ್ಡದಲ್ಲಿ, ಅಶೋಕನ ಬರಹಕ್ಕೆ ಸಮೀಪದಲ್ಲಿಯೇ, ಬಂಡೆಯ ಮೇಲೆ ಎರಡು ಪಾದಗಳು ಕೊರೆಯಲ್ಪಟ್ಟಿರುವವು. ಅವುಗಳ ಕೆಳಗೆ ಹಳಗನ್ನಡದಲ್ಲಿ ಎರಡು ಸಾಲು: ಇವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ, ಇವನ್ನು ಮಾಡಿಸಿದವನು ಚಾವಯ್ಯನೆಂದೂ ಅವುಗಳ ಅರ್ಥ. ಆ ಆಚಾರ್ಯರು ಸಂಸ್ಕೃತದ ವರಾಂಗಚರಿತೆಯನ್ನು ರಚಿಸಿದ ಮಹಾಕವಿ. ಎಂಟನೆಯ ಶತಮಾನದಲ್ಲಿಯೇ ದೂರದೂರದ ಗ್ರಂಥಕಾರರು ಅವರನ್ನು ಸ್ಮರಿಸಿದ್ದರು. ಅವರು ಕೊಪಣದಲ್ಲಿಯೇ ದೇಹವನ್ನು ಬಿಟ್ಟಿರಬೇಕೆಂದು ವಿದ್ವಾಂಸರ ಊಹೆ. ಅಕ್ಷರಗಳ ರೀತಿಯನ್ನು ನೋಡಿದರೆ ಬರಹವು ಆಚಾರ್ಯರ ಕಾಲಕ್ಕಿಂತ ಬಹಳ ಈಚಿನದು. ಅಂದರೆ ಚಾವಯ್ಯನು ಆಚಾರ್ಯರನ್ನು ಕಣ್ಣಾರೆ ಕಂಡವನಲ್ಲ, ಅವರಿಗೆ ಮಜ್ಜಿಗೆ ಕೊಟ್ಟವನಲ್ಲ, ಅವರ ಪುಸ್ತಕವನ್ನು ಹೊತ್ತವನೂ ಅಲ್ಲ. ಅವರು ಇಲ್ಲಿದ್ದರೆಂಬ ನೆನಪು ಅಳಿಯಬಾರದೆಂದು ಕಲ್ಲುಕುಟಿಗನನ್ನು ಕರೆದು, ಕೂಲಿ ಕೊಟ್ಟು, ಪಾದಗಳನ್ನು ಕೊರೆಯಿಸಿದನು. ತನ್ನ ತಂದೆಯ ಹೆಸರನ್ನಾಗಲಿ, ಕುಲವನ್ನಾಗಲಿ, ಬಿರುದನ್ನಾಗಲಿ ಅವನು ಅಲ್ಲಿ ಸೇರಿಸಲಿಲ್ಲ.

ಸಿ. ಆರ್. ಕೃಷ್ಣಮಾಚಾರ್ಲು ಅವರು ಕೊಪ್ಪಳದ ಕನ್ನಡ ಶಾಸನಗಳನ್ನು ಒಟ್ಟುಗೂಡಿಸಿ 1935ರಲ್ಲಿ ಹೈದರಾಬಾದಿನಿಂದ ಪ್ರಕಟಿಸಿದರು. ಡಾ. ಆ. ನೇ. ಉಪಾಧ್ಯೆಯವರು ವರಾಂಗಚರಿತೆಯನ್ನು ಸಂಪಾದಿಸಿ 1938ರಲ್ಲಿ ಮುಂಬಯಿಯಲ್ಲಿ ಅಚ್ಚು ಹಾಕಿಸಿದಾಗ, ಕವಿಯ ಕಾಲದೇಶಗಳನ್ನು ವಿಚಾರಿಸುವ ಪೀಠಿಕೆಯಲ್ಲಿ ಪಾಲ್ಕಿಗುಂಡಿನ ಆ ಎರಡು ಸಾಲುಗಳನ್ನು ಎತ್ತಿಕೊಂಡರು. ಹೀಗೆ ಮಹಾಕವಿಯ ಗ್ರಂಥದೊಳಗೆ, ಕಾವ್ಯ ಆರಂಭವಾಗುವದಕ್ಕೆ ಮೊದಲೇ, ಚಾವಯ್ಯನ ಹೆಸರು ಬಂದು ಸೇರಿತು.