ಭಂಗಿಯ ಅಳತೆ



ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಹೆಸರನ್ನು ಮೈಸೂರು ಅರಸುಮನೆತನದ ಮೂಲವನ್ನು ಹೇಳುವ ಐತಿಹ್ಯದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಆ ಊರಿನ ಗೃಹಸ್ಥನೊಬ್ಬನು ನಂಜನಗೂಡಿನ ಪೇಟೆಗೆ ಬಂದು ಹಲ್ಲುಪುಡಿ ಕೊಳ್ಳುತ್ತಾನೆಂದು ಭಾವಿಸೋಣ. 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ಸ್ಥಾಪಿಸಿದಂದಿನಿಂದ ಆ ಊರಿಗೆ ಹಲ್ಲುಪುಡಿಯಿಂದಲೂ ಒಂದು ಖ್ಯಾತಿಯುಂಟು. ಪೊಟ್ಟಣದ ಮೇಲೆ ಮಾಡಿದವರು ಯಾರು, ಒಳಗಿರುವುದೇನು, ತೂಕವೆಷ್ಟು ಎಂಬುದೆಲ್ಲ ಅಚ್ಚಾಗಿರುತ್ತದೆ. ಅದೇ ಗೃಹಸ್ಥನು ಶಿವರಾತ್ರಿಗೋ ಹೋಳಿಗೋ ಕಾಶಿಗೆ ಹೋಗಿ, ಸ್ನೇಹಿತರ ಬಲವಂತಕ್ಕೆ ಒಂದು ಭಂಗಿಯ ಉಂಡೆಯನ್ನು ನುಂಗಿದನಾದರೆ, ಎಷ್ಟು ಮದವನ್ನು ಒಳಕ್ಕೆ ಇಳಿಸಿದೆನೆಂದು ಅವನೂ ಅರಿಯನು, ಕೊಟ್ಟವನೂ ಅರಿಯನು. ಉಜ್ಜಿ ಉಗುಳುವ ಪುಡಿಗೆ ಇರುವ ಕಟ್ಟುಪಾಡು ನುಂಗುವ ಉಂಡೆಗೆ ಇಲ್ಲ. ಈ ಹೊತ್ತು ನಾವು ವಿಚಾರಮಾಡತಕ್ಕದ್ದು ಇದನ್ನೇ.

ಗಿಡವೊಂದೇ, ಅದರ ಅಂಗಗಳಿಗೆ ಹೆಸರುಗಳು ಬೇರೆ. ಹೂತುದಿ ಗಾಂಜಾ, ಅಂಟು ಚರಸ್, ಎಲೆ ಭಂಗಿ. 1985ರ ಮಾದಕ ದ್ರವ್ಯಗಳ ಅಧಿನಿಯಮವು ಮೊದಲಿನ ಎರಡನ್ನು ಕಠಿಣವಾಗಿ ನಿಷೇಧಿಸಿತು. ಹೂತುದಿಯ ಜತೆಗೆ ಇಲ್ಲದ ಎಲೆಯನ್ನೂ ಬೀಜವನ್ನೂ ಗಾಂಜಾ ಎಂಬ ಲಕ್ಷಣದಿಂದ ಹೊರಗಿಟ್ಟಿತು. 2022ರಲ್ಲಿ ಬೆಂಗಳೂರಿನಲ್ಲಿ 29 ಕಿಲೋಗ್ರಾಂ ಭಂಗಿಯೊಡನೆ ಸೆರೆಯಾದವನೊಬ್ಬನಿಗೆ ಜಾಮೀನು ಕೊಡುವಾಗ ನಮ್ಮ ಉಚ್ಚ ನ್ಯಾಯಾಲಯವು ಈ ಭೇದವನ್ನೇ ಎತ್ತಿಹಿಡಿಯಿತು. ಆದುದರಿಂದ ಭಂಗಿಯ ಹೊಣೆ ಆಯಾ ರಾಜ್ಯಗಳ ಅಬಕಾರಿ ಇಲಾಖೆಗೆ ಬೀಳುತ್ತದೆ. ಅಬಕಾರಿಯ ಕಣ್ಣು ಸಹಜವಾಗಿ ಪರವಾನಗಿಯ ಮೇಲೆ, ಸುಂಕದ ಮೇಲೆ. ನುಂಗುವವನ ಹೊಟ್ಟೆಯ ಮೇಲಲ್ಲ.

ಹೊಟ್ಟೆಯ ಮಾತು ಏಕೆಂದರೆ, ಇಲ್ಲಿ ಅಪಾಯವಿರುವುದೇ ಅಲ್ಲಿ. ಹೊಗೆಯಾಗಿ ಸೇದಿದ ಗಾಂಜಾ ಕೆಲವೇ ನಿಮಿಷಗಳಲ್ಲಿ ತನ್ನ ಗುಣವನ್ನು ತೋರಿಸುತ್ತದೆ. ಸೇದುವವನಿಗೆ ಸಾಕೆಂಬ ಸೂಚನೆ ಆಗಲೇ ಸಿಕ್ಕುತ್ತದೆ. ತಿಂದ ಭಂಗಿ ಹಾಗಲ್ಲ. ಅದು ಜೀರ್ಣವಾಗಿ, ಪಿತ್ತಕೋಶವಲ್ಲ, ಯಕೃತ್ತನ್ನು ಹಾದು, ಅಲ್ಲಿ ಇನ್ನೂ ಪ್ರಬಲವಾದ ರೂಪವನ್ನು ತಾಳಿ ನೆತ್ತರಿಗೆ ಸೇರಲು ಒಂದು ಗಂಟೆಯೋ ಎರಡು ಗಂಟೆಯೋ ಹಿಡಿಯುತ್ತದೆ. ಅಷ್ಟರಲ್ಲಿ ತಾಳ್ಮೆಗೆಟ್ಟವನು, “ಏನೂ ಆಗಲಿಲ್ಲವಲ್ಲ!” ಎಂದು ಎರಡನೆಯ ಉಂಡೆಗೆ ಕೈಚಾಚುತ್ತಾನೆ. ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ. ಎದೆಬಡಿತ, ದಿಗ್ಭ್ರಮೆ, ಸತ್ತೇ ಹೋಗುವೆನೆಂಬ ಭಯ. ಮಿಠಾಯಿಯೆಂದು ಬಗೆದು ಮಗು ತಿಂದರಂತೂ ಆಸ್ಪತ್ರೆಯೇ ಗತಿ. ಇದರ ಮೇಲೆ ದತ್ತೂರದ ಕಲಬೆರಕೆಯುಂಟು. ಅದು ಬೇರೆಯೇ ವಿಷ; ಭಂಗಿಯ ಗುಣದೋಷಗಳನ್ನು ಅದರ ಲೆಕ್ಕಕ್ಕೆ ಹಚ್ಚುವುದು ನ್ಯಾಯವಲ್ಲ.

ಕಲಬೆರಕೆಯ ಈ ಸಂಗತಿ ಹೊಸತೇನಲ್ಲ. ಬ್ರಿಟಿಷ್ ಸರಕಾರವು 1893ರಲ್ಲಿ ನೇಮಿಸಿದ ಏಳು ಸದಸ್ಯರ ಆಯೋಗವೊಂದು 1,193 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು ಮರುವರ್ಷ ವರದಿಯನ್ನು ಒಪ್ಪಿಸಿತು. ದತ್ತೂರದ ಮಾತು ಅದರಲ್ಲಿಯೂ ಇದೆ. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಸೇವನೆಯಿಂದ ಉಂಟು, ಪೂರ್ಣನಿಷೇಧವು ಉಚಿತವಲ್ಲ, ತೆರಿಗೆ ಮತ್ತು ಪರವಾನಗಿಗಳ ಮೂಲಕ ನಿಯಂತ್ರಿಸುವುದು ಮೇಲು ಎಂದು ಅದರ ನಿರ್ಣಯ. ಆದರೆ “ಮಿತ”ವೆಂದರೆ ಎಷ್ಟು? ಗಿಡದ ಮದಕಾರಕವನ್ನು ಬೇರ್ಪಡಿಸಿ ತೂಗುವ ರಸಾಯನಶಾಸ್ತ್ರ ಅಂದಿಗೆ ಇರಲಿಲ್ಲ. ಇಂದಿಗೆ ಇದೆ. ಹಾಗಿದ್ದೂ ನಾವು ಅಂದಿನವರಂತೆಯೇ ಉಂಡೆಯ ಗಾತ್ರವನ್ನು ನೋಡಿ ಊಹಿಸುತ್ತಿರುವುದು ಸೋಜಿಗ.

ಔಷಧದ ದಾರಿಯಲ್ಲಿ ಮಾತ್ರ ಸ್ವಲ್ಪ ವಿವೇಕ ಕಂಡುಬರುತ್ತದೆ. ಆಯುರ್ವೇದದಲ್ಲಿ ಭಂಗಿಗೆ ವಿಜಯಾ ಎಂಬ ಹೆಸರಿದೆ. ಔಷಧ ನಿಯಮಗಳು ಅದನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ಅದು ಸೇರಿದ ಸೇವನೆಯ ಮದ್ದಿನ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆಯನ್ನು ಮುದ್ರಿಸಲು ವಿಧಿಸಿವೆ. ಸರಿಯೇ. ಆದರೆ ಎಲೆಯ ತೂಕವನ್ನು ಬರೆದಮಾತ್ರಕ್ಕೆ ಅದರ ಬಲ ತಿಳಿಯದು. ಒಂದು ಹೊಲದ ಎಲೆ ಇನ್ನೊಂದರ ಎಲೆಯಂತಲ್ಲ. ವಿಚಿತ್ರವೆಂದರೆ, ಅಮಲೇ ಇಲ್ಲದ ಬೀಜವನ್ನು 2021ರಲ್ಲಿ ಆಹಾರವೆಂದು ಅಂಗೀಕರಿಸಿದಾಗ ಅದರಲ್ಲಿ ಮದಕಾರಕದ ಶೇಷ ಇಷ್ಟನ್ನು ಮೀರಕೂಡದೆಂದು ಮಿಲಿಗ್ರಾಂಗಳ ಲೆಕ್ಕದಲ್ಲಿ ಗೊತ್ತುಪಡಿಸಲಾಯಿತು. ಅಮಲಿಗಾಗಿಯೇ ತಿನ್ನುವ ಎಲೆಗೆ ಅಂಥ ಲೆಕ್ಕವಿಲ್ಲ.

ಕೆನಡಾ ದೇಶವು 2018ರಲ್ಲಿ ಈ ಗಿಡವನ್ನು ಶಾಸನಬದ್ಧಗೊಳಿಸಿ, ಮರುವರ್ಷ ತಿನಿಸುಗಳಿಗೆ ಅನುಮತಿಯಿತ್ತಾಗ, ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಮದಕಾರಕ ಇರಕೂಡದೆಂದಿತು; ಮಕ್ಕಳು ತೆರೆಯಲಾಗದ ಪೊಟ್ಟಣವನ್ನು ಕಡ್ಡಾಯಮಾಡಿತು. ಆ ದೇಶದ ನೀತಿಯನ್ನೆಲ್ಲ ನಾವು ತಲೆಯ ಮೇಲೆ ಹೊತ್ತು ತರಬೇಕಿಲ್ಲ. ಗಾಂಜಾವನ್ನು ಬಿಡುಗಡೆ ಮಾಡಿರೆಂಬುದೂ ನಮ್ಮ ವಾದವಲ್ಲ. ಶಾಸನವು ತಾನಾಗಿ ಹೊರಗಿಟ್ಟ ಎಲೆಯನ್ನು ಪರವಾನಗಿ ಕೊಟ್ಟು ಮಾರಿಸುವ ಕಡೆಗಳಲ್ಲಾದರೂ ಇದರ ಅರ್ಧಭಾಗವು ಸಾಧ್ಯ. ಪ್ರತಿಯೊಂದು ತಂಡದ ಸರಕನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಲಿ, ದತ್ತೂರವಿಲ್ಲವೆಂದು ಖಚಿತವಾಗಲಿ, ಒಂದು ಉಂಡೆಯಲ್ಲಿ ಎಷ್ಟು ಮಿಲಿಗ್ರಾಂ ಎಂಬುದು ಆ ಪ್ರಾಂತದ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ, ಅದರ ಕೆಳಗೆ, ಎರಡು ಗಂಟೆ ಕಳೆಯುವವರೆಗೆ ಮತ್ತೊಂದನ್ನು ತಿನ್ನಕೂಡದು ಎಂಬ ಒಂದು ಸಾಲು.