ಅಟ್ಟದ ಲೆಕ್ಕಕ್ಕೊಂದು ಪುಸ್ತಕ



ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದವರು ತೀನಂಶ್ರೀ. ಸಂಸ್ಕೃತ ಕಲಿಯದವರೂ ರಸ, ಧ್ವನಿಗಳನ್ನು ಅವರ ‘ಭಾರತೀಯ ಕಾವ್ಯಮೀಮಾಂಸೆ’ ಹಿಡಿದು ಕೂತು ಅರ್ಥಮಾಡಿಕೊಳ್ಳಬಹುದು. ಮುಕ್ತ ತಂತ್ರಾಂಶಕ್ಕೂ ಕನ್ನಡದಲ್ಲಿ ಅಷ್ಟು ತಿಳಿಯಾದ ಪುಸ್ತಕ ಬೇಕೆಂಬುದು ನನ್ನ ಆಸೆ. ಅದನ್ನು ಬರೆಯಲು ಕೂತಿದ್ದೇನೆ.

ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದದ್ದು ಮುಕ್ತ ತಂತ್ರಾಂಶ. 2010ರಲ್ಲಿ ಶುರುವಾದ, ಲೆಕ್ಕದ ಹಾಳೆಯನ್ನೂ ಒಳಗೊಂಡ ಲಿಬ್ರೆಆಫೀಸ್ ಅಂಥದ್ದು. ಅದರ ಮೆನುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಅದರ ಇಂಗ್ಲಿಷ್ ಕೈಪಿಡಿಗಳನ್ನು ಬರೆಯುವವರೂ ಸ್ವಯಂಸೇವಕರೇ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಯಾರನ್ನೂ ಕೇಳದೆ ಅನುವಾದಿಸಬಹುದು.

ಮೊದಲು ನಾನು ಅದನ್ನೇ ಮಾಡಿದೆ. ಲೆಕ್ಕದ ಹಾಳೆಯ ಒಂದು ಅಧ್ಯಾಯವನ್ನು ಕನ್ನಡಿಸಿ, ತುರುವೇಕೆರೆ ಕಡೆ ತೋಟ ಮಾಡಿಕೊಂಡಿರುವ ಅಣ್ಣನಿಗೆ ಕೊಟ್ಟೆ. “ಕೋಶ ಅಂದ್ರೆ ಯಾವ್ದೋ?” ಅಂದ. ತೋರಿಸಿದೆ. “ಓ, ಚೌಕಾಬಾರದ ಮನೆ!” ಅಂದ. ಅವತ್ತಿನಿಂದ ನನ್ನ ಪುಸ್ತಕದಲ್ಲಿ ಅದು ಮನೆ. ಮೆನುವಿನಲ್ಲಿ ‘ಕೋಶ’ ಎಂದೇ ಕಾಣುವುದರಿಂದ ಆ ಹೆಸರನ್ನೂ ಒಮ್ಮೆ ಹೇಳಿ ಮುಂದೆ ಹೋಗುತ್ತೇನೆ.

ಆಮೇಲೆ ಅನುವಾದ ಬಿಟ್ಟು ಹೊಸದಾಗಿಯೇ ಬರೆದೆ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಎಷ್ಟು, ತಿಂಗಳುಗಟ್ಟಲೆ ಒಣಗಿ ಒಳಗೆ ಗುಡುಗುಡು ಅನ್ನುವ ಹೊತ್ತಿಗೆ ಕೆಟ್ಟದ್ದೆಷ್ಟು, ಸುಲಿದವರ ಕೂಲಿ ಎಷ್ಟು, ಮಂಡಿಯಲ್ಲಿ ಉಂಡೆ ಕೊಬ್ಬರಿಗೆ ಸಿಕ್ಕ ದರ ಎಷ್ಟು — ಒಂದೊಂದಕ್ಕೂ ಒಂದೊಂದು ಮನೆ. ತೂಕ, ದರ ಎರಡನ್ನೂ ಗುಣಿಸುವ ಸೂತ್ರ ಒಮ್ಮೆ ಬರೆದಿಟ್ಟರೆ, ದರ ಬದಲಾದಾಗ ಮೊತ್ತ ತಾನೇ ಬದಲಾಗುತ್ತದೆ. ಆ ಸೂತ್ರದಲ್ಲಿ ತಪ್ಪು ಹಿಡಿದವರು ಅತ್ತಿಗೆ: ದರ ಕ್ವಿಂಟಲಿಗೆ, ತೂಕ ಕಿಲೋದಲ್ಲಿ, 100ರಿಂದ ಭಾಗಿಸಬೇಕಿತ್ತು. ಕೊಬ್ಬರಿ ಮಾರಿ ಗೊತ್ತಿರುವವರು ಓದಿ ನೋಡದೆ ಇಂಥ ಪುಸ್ತಕ ಪೂರ್ತಿಯಾಗುವುದಿಲ್ಲ ಅನ್ನುವುದು ನನಗೆ ಅಲ್ಲಿಯೇ ಖಾತ್ರಿಯಾಯಿತು.

ಇನ್ನೊಂದು ಕಷ್ಟವಿದೆ. ಲಿಬ್ರೆಆಫೀಸ್ ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ತರುತ್ತದೆ. ಅಚ್ಚಾದ ಪುಟ ಹಳತಾಗುತ್ತದೆ. ಹಾಗಾಗಿ ಯಾವ ಆವೃತ್ತಿ ನೋಡಿ ಬರೆದೆ ಎಂದು ಪ್ರತಿ ಅಧ್ಯಾಯದ ತಲೆಯಲ್ಲೇ ನಮೂದಿಸುತ್ತಿದ್ದೇನೆ. ಪುಸ್ತಕಕ್ಕೂ ಮುಕ್ತ ಪರವಾನಗಿಯನ್ನೇ ಕೊಡುತ್ತೇನೆ. ನಾಳೆ ನನಗೆ ಕೈಲಾಗದಿದ್ದರೆ ಇನ್ನೊಬ್ಬರು ತಿದ್ದಿ ಮುಂದುವರಿಸಲಿ.

ಮೊದಲ ಅಧ್ಯಾಯದ ಪ್ರತಿಗಳು ಬಾಗಿಲ ಪಕ್ಕದ ಮೇಜಿನ ಮೇಲಿವೆ, ಜೊತೆಗೆ ಪೆನ್ಸಿಲ್ಲೂ ಇದೆ. ಓದುತ್ತ ಎಲ್ಲಿ ನಿಂತಿರೋ ಅಲ್ಲಿ ಒಂದು ಗೆರೆ ಎಳೆದು, ಮುಂದಿನ ಉಪನ್ಯಾಸಕ್ಕೆ ಬರುವಾಗ ತಂದುಕೊಡಿ.