ಟಿವಿಯ ಕೃಷ್ಣ, ಚಾವಡಿಯ ಕೃಷ್ಣ

(ಗಡಿನಾಡ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಾಟಕ, ಟಿವಿ, ಸಿನಿಮಾ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕರೆದಿದ್ದೀರಿ. ನಾವು ವಿಮರ್ಶಕರಲ್ಲ. ಆಟ ಉಂಟು ಅಂದರೆ ಚಾಪೆ ಹಿಡಿದುಕೊಂಡು ಹೊರಡುವವರು, ನಾಟಕ ಉಂಟು ಅಂದರೆ ಮುಂದಿನ ಸಾಲಿನಲ್ಲಿ ಕೂರುವವರು, ಮನೆಗೆ ಬಂದ ಮೇಲೆ ಸೀರಿಯಲ್ಲನ್ನೂ ಬಿಡದವರು. ಹಾಗಾಗಿ "ಟಿವಿ ಬಂದು ರಂಗಭೂಮಿ ಹಾಳಾಯ್ತು" ಅನ್ನುವ ಹಳೇ ಭಾಷಣ ಇವತ್ತು ಮಾಡುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಕಿವಿಗೆ ಕನ್ನಡ ಕೊಡುವುದು ಯಾವುದು, ಬಾಯಿಗೆ ಕನ್ನಡ ಕೊಡುವುದು ಯಾವುದು?

ಮೊದಲು ಟಿವಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸುವ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿ, ಬಸ್ಸಿನ ಬೋರ್ಡು, ಸರ್ಕಾರಿ ಕಾಗದ ಎಲ್ಲ ಮೆಲ್ಲಮೆಲ್ಲನೆ ಮಲಯಾಳಕ್ಕೆ ತಿರುಗಿತು. ಅಂಥ ಊರಿಗೆ 1994ರಲ್ಲಿ ಶುರುವಾದ ಉದಯ ಟಿವಿ, ಆಮೇಲೆ ಬಂದ ಚಾನೆಲ್‌ಗಳು ದಿನಾ ಸಂಜೆ ಮನೆಯೊಳಗೇ ಕನ್ನಡ ತಂದು ಸುರಿದವು. ಶಾಲೆಯಲ್ಲಿ ಕನ್ನಡ ಅಕ್ಷರ ಕಲಿಯದ ಮಗುವಿಗೂ ಅಜ್ಜಿಯ ಪಕ್ಕ ಕೂತು ಸೀರಿಯಲ್ ನೋಡಿ ಕನ್ನಡ ಅರ್ಥ ಆಗ್ತದೆ. ಇದು ಸಣ್ಣ ಉಪಕಾರ ಅಲ್ಲ.

ಆದರೆ ಆ ಕನ್ನಡ ಯಾರದ್ದು? ನಾಯಕ, ನಾಯಕಿ, ಡಾಕ್ಟರು, ಲಾಯರು ಎಲ್ಲರೂ ಮಾತಾಡುವುದು ಬೆಂಗಳೂರು-ಮೈಸೂರು ಕಡೆಯ ಕನ್ನಡ. ನಮ್ಮ "ಎಂತ ಮಾರಾಯ್ರೆ" ಬರುವುದು ಹೆಚ್ಚಾಗಿ ಅಡುಗೆ ಭಟ್ಟರ ಬಾಯಲ್ಲಿ. ಅತ್ತ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಬಂಧುಗಳ ಬಿರುಸು ಕನ್ನಡ ಬರುವುದು ಕಾಮಿಡಿ ಶೋನಲ್ಲಿ. ನಗಿಸುವುದು ತಪ್ಪಲ್ಲ, ನಾವೂ ನಗ್ತೇವೆ. ಆದರೆ ಅಳುವಾಗ, ವಾದಿಸುವಾಗ, ಪ್ರೀತಿ ಹೇಳುವಾಗ ನಮ್ಮ ಮಾತು ಪರದೆ ಮೇಲೆ ಇಲ್ಲದೇ ಹೋದರೆ ಮಕ್ಕಳು ಏನು ತಿಳಿಯುತ್ತಾರೆ? ತಮ್ಮದು ತಮಾಷೆಯ ಭಾಷೆ ಅಂತ ತಿಳಿಯುತ್ತಾರೆ.

ಹಾಗಾಗಿಯೇ 2018ರಲ್ಲಿ ರಿಷಬ್ ಶೆಟ್ಟರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಬಂದಾಗ ನಮಗೆ ಅಷ್ಟು ಸಂತೋಷ ಆದದ್ದು. ಒಂದು ಕನ್ನಡ ಶಾಲೆ ಮುಚ್ಚುವುದು ಕೂಡ ಕತೆ ಆಗ್ತದೆ, ಅದನ್ನು ಇಡೀ ಕರ್ನಾಟಕ ದುಡ್ಡು ಕೊಟ್ಟು ನೋಡ್ತದೆ ಅಂತ ಗೊತ್ತಾಯ್ತು. ಮಕ್ಕಳ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಸಿನಿಮಾ ಎರಡೂವರೆ ಗಂಟೆಯದ್ದು. ಥಿಯೇಟರಿನಲ್ಲಿ ಚಪ್ಪಾಳೆ ಹೊಡೆದ ಮಗು ಮನೆಗೆ ಬಂದು ಯಾವ ಭಾಷೆಯಲ್ಲಿ ಜಗಳ ಆಡ್ತದೆ ಅನ್ನುವುದು ಸಿನಿಮಾದ ಕೈಯಲ್ಲಿಲ್ಲ.

2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ಶೂಟಿಂಗ್ ನಿಂತಿತು, ಹಿಂದಿಯ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಬಂತು. ನಾವೂ ನೋಡಿದೆವು, ಚೆನ್ನಾಗಿಯೇ ಇತ್ತು. ಡಬ್ಬಿಂಗ್ ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾವು ಇಳಿಯುವುದಿಲ್ಲ. ಒಂದು ಸಂಗತಿ ಮಾತ್ರ ಗಮನಿಸಿ. ಆ ಕೃಷ್ಣನ ತುಟಿ ಮೊದಲೇ ಹಿಂದಿಯಲ್ಲಿ ಆಡಿ ಮುಗಿಸಿತ್ತು. ಕನ್ನಡ ಆ ತುಟಿಯ ಅಳತೆಗೆ ತಕ್ಕ ಹಾಗೆ ಕತ್ತರಿಸಿ ಕೂರಿಸಿದ್ದು.

ಈಗ ನಮ್ಮ ಚಾವಡಿಯ ಕೃಷ್ಣನನ್ನು ನೋಡಿ. ತಾಳಮದ್ದಳೆ ಗೊತ್ತಿಲ್ಲದ ಆಚೆ ಗಡಿಯ ಬಂಧುಗಳಿಗೆ ಎರಡು ಮಾತು: ಇದು ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕಿರೀಟ ಇಲ್ಲ. ಭಾಗವತರು ಪದ ಹೇಳ್ತಾರೆ, ಚೆಂಡೆ-ಮದ್ದಳೆ ಇರ್ತದೆ. ಅರ್ಥಧಾರಿಗಳು ಪಂಚೆ, ಶಾಲು ಹಾಕಿಕೊಂಡು ಎದುರುಬದುರು ಕೂರ್ತಾರೆ. ಪದ ಮುಗಿದ ಕೂಡಲೇ ಮಾತು ಶುರು. ಬರೆದಿಟ್ಟ ಸಂಭಾಷಣೆ ಇಲ್ಲ. 'ಕೃಷ್ಣ ಸಂಧಾನ'ದಲ್ಲಿ ಕೌರವ ಒಂದು ಪ್ರಶ್ನೆ ಎಸೆದರೆ ಕೃಷ್ಣ ಅಲ್ಲೇ, ಆಗಲೇ, ಕನ್ನಡದಲ್ಲೇ ಉತ್ತರ ಹುಟ್ಟಿಸಬೇಕು. ನಿನ್ನೆಯ ಉತ್ತರ ಇವತ್ತಿಗೆ ಆಗುವುದಿಲ್ಲ. ಯಾಕೆಂದರೆ ಇವತ್ತಿನ ಕೌರವ ಬೇರೆ.

ಈ ಕಲೆಯ ದೊಡ್ಡ ಹೆಸರು ಶೇಣಿ ಗೋಪಾಲಕೃಷ್ಣ ಭಟ್ಟರು ನಮ್ಮ ಕುಂಬಳೆ ಸೀಮೆಯವರು. ತೆಂಕುತಿಟ್ಟಿನವರು ಮೊದಲು ನೆನೆಯುವ ಪಾರ್ತಿಸುಬ್ಬನೂ ಕುಂಬಳೆಯವನೇ. ಇನ್ನು ಚಾವಡಿಯಲ್ಲಿ ಕೂತು ಕೇಳುವವರು ಯಾರು? ಮನೆಯಲ್ಲಿ ತುಳು ಮಾತಾಡುವವರು, ಮಲಯಾಳ ಮಾತಾಡುವವರು, ಕೊಂಕಣಿ, ಹವ್ಯಕ, ಕರಾಡ ಮಾತಾಡುವವರು. ಅಷ್ಟೂ ಜನ ಒಂದು ರಾತ್ರಿ ಒಂದೇ ಕನ್ನಡಕ್ಕೆ ತಲೆದೂಗ್ತಾರೆ. ಇಲ್ಲಿ ಕನ್ನಡ ಜಾತಿಯದ್ದೂ ಅಲ್ಲ, ಮನೆಮಾತಿನದ್ದೂ ಅಲ್ಲ. ರಂಗ ಕಟ್ಟಿಕೊಟ್ಟ ಕನ್ನಡ ಅದು.

ಸೊಲ್ಲಾಪುರ, ಜತ್ತ ಕಡೆಯವರು "ಇದು ನಿಮ್ಮ ಕರಾವಳಿಯ ಕತೆ" ಅನ್ನಬೇಡಿ. ನಿಮ್ಮ ಹತ್ತಿರದ ಸಾಂಗ್ಲಿಯ ಕತೆಯೂ ಇದರಲ್ಲಿದೆ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ 1842ರ ಸುಮಾರಿಗೆ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಅಲ್ಲಿನ ಅರಸರು, ನಮ್ಮ ಭಾಷೆಯಲ್ಲೂ ಹೀಗೆ ಮಾಡು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ಬಂತು, ಮರಾಠಿ ರಂಗಭೂಮಿ ಅಲ್ಲಿಂದ ಶುರು ಅಂತ ಮರಾಠಿಯವರೇ ಬರೆದುಕೊಂಡಿದ್ದಾರೆ. ಆಮೇಲೆ ಮರಾಠಿ ಕಂಪನಿಗಳು ಧಾರವಾಡ, ಗದಗ ಕಡೆಗೆ ಬಂದು ಜನರನ್ನು ಮರುಳು ಮಾಡಿದವು. ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲೇ. ಆಗ ಶಾಂತಕವಿಗಳು ಏನು ಮಾಡಿದರು? ಮರಾಠಿ ನಾಟಕ ನೋಡಬೇಡಿ ಅಂತ ಬರೀ ಕೂಗಲಿಲ್ಲ. ತಾವೇ ಕನ್ನಡದಲ್ಲಿ ನಾಟಕ ಬರೆದು ಗದಗದಲ್ಲಿ ಮಂಡಳಿ ಕಟ್ಟಿದರು. ಬಂಧುಗಳೇ, ನಮಗೆ ಬೇಕಾದ ಪಾಠ ಇಷ್ಟೇ. ಕೊಟ್ಟು ತೆಗೆದುಕೊಂಡು ಯಾರೂ ಬಡವರಾಗಲಿಲ್ಲ. ಆಡುವುದು ಬಿಟ್ಟು ಬರೀ ನೋಡುತ್ತಾ ಕೂತವರು ಬಡವರಾದರು.

ಈಗ ನಮ್ಮ ನಿದ್ದೆ ಕೆಡಿಸುವ ವಿಷಯಕ್ಕೆ ಬರ್ತೇವೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆ. ಬೇರೆ ಜಿಲ್ಲೆಗಳ ಮಲಯಾಳಿ ಮಕ್ಕಳು ಕನ್ನಡದ ಮಾತನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಂಡು, ಬಾಯಿಪಾಠ ಮಾಡಿ, ಗೆಜ್ಜೆ ಕಟ್ಟಿ ರಂಗಕ್ಕೆ ಏರ್ತಾರೆ. ಆ ಮಕ್ಕಳಿಗೆ ನಮ್ಮ ನಮಸ್ಕಾರ. ಆದರೆ ನಮ್ಮ ಮನೆಯ ಕೆಲವು ಮಕ್ಕಳೂ ಈಗ ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ತಾರೆ. ಅವರಿಗೆ ಕಿವಿ ಉಂಟು, ಟಿವಿ ಕೊಟ್ಟದ್ದು. ಕೈಯಲ್ಲಿ ಅಕ್ಷರ ಇಲ್ಲ, ಬಾಯಿಗೆ ಧೈರ್ಯ ಇಲ್ಲ. ಹೀಗೇ ಆದರೆ ಇನ್ನು ಇಪ್ಪತ್ತು ವರ್ಷಕ್ಕೆ ಕೌರವನ ಪ್ರಶ್ನೆಗೆ ಉತ್ತರ ಕೊಡುವ ಕೃಷ್ಣ ಎಲ್ಲಿಂದ ಬರಬೇಕು? ಅವನು ಸಿಕ್ಕಿದರೂ ತಲೆದೂಗುವವರು ಯಾರು?

ಹಾಗಾಗಿ ಮೂರು ಸಣ್ಣ ಕೆಲಸ.

ಒಂದು, ನಿಮ್ಮ ಊರಿನ ಪ್ರತಿ ಕೂಟದಲ್ಲೂ, ಅದು ತಾಳಮದ್ದಳೆ ಇರಲಿ, ಸಣ್ಣಾಟ ಇರಲಿ, ಶಾಲಾ ವಾರ್ಷಿಕೋತ್ಸವದ ನಾಟಕ ಇರಲಿ, ಒಂದು ಪಾತ್ರ ಮಕ್ಕಳಿಗೆ ಮೀಸಲಿಡಿ. ಬರೀ ದೂತನ ಪಾತ್ರ ಆದರೂ ಸಾಕು. ದೂತನೂ ಎರಡು ವಾಕ್ಯ ಸ್ವಂತ ಆಡಬೇಕಲ್ಲ!

ಎರಡು, ಮಾತು ಕಲಿಸುವಾಗ ಕನ್ನಡ ಅಕ್ಷರದಲ್ಲೇ ಬರೆಸಿ. ಪಾತ್ರದ ಆಸೆಗೆ ಮಗು ವರ್ಣಮಾಲೆಯನ್ನೂ ಕಲೀತದೆ. ಪಾಠಪುಸ್ತಕ ಮಾಡದ ಕೆಲಸವನ್ನು ಕಿರೀಟ ಮಾಡ್ತದೆ.

ಮೂರು, ರೀಲ್ಸ್ ಮಾಡುವ ಹುಡುಗರನ್ನು ಬೈಯಬೇಡಿ. ಮೊಬೈಲ್ ಅವರ ಕೈಯಲ್ಲೇ ಉಂಟು, ಬೆಂಗಳೂರಿನ ಒಪ್ಪಿಗೆ ಬೇಡ. ಅಜ್ಜನ ಅರ್ಥಗಾರಿಕೆಯ ಒಂದು ನಿಮಿಷ, ಅಜ್ಜಿಯ ಕನ್ನಡದ ಒಂದು ಜಗಳ ನಮ್ಮದೇ ಧಾಟಿಯಲ್ಲಿ ಹಾಕಲಿ. ತಮಾಷೆಗೆ ಮಾತ್ರ ಬೇಡ, ಗಂಭೀರ ಮಾತಿಗೂ ಅದೇ ಧಾಟಿ ಬಳಸಲಿ.

ಸೀರಿಯಲ್ ನೋಡಿ, ಸಿನಿಮಾ ನೋಡಿ, ನಾವೂ ನೋಡ್ತೇವೆ. ಆದರೆ ಟಿವಿಯ ಕೃಷ್ಣ ನಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಚಾವಡಿಯ ಕೃಷ್ಣ ಕೊಡ್ತಾನೆ. ಅವನಿಗೆ ಎದುರು ಕೂರಲು ನಿಮ್ಮ ಮನೆಯಿಂದ ಒಬ್ಬ ಕೌರವನನ್ನೋ ಕೌರವಿಯನ್ನೋ ಕಳಿಸಿಕೊಡಿ.